ಒಳಗ್ಯಾರಿದೀರಿ

ದುರುಗಣ್ಣ ಎತ್ತಿದ ಗುದ್ದಲಿ ನೆಲಕ್ಕೆ ಬೀಳುವ ಮೊದಲೇ ಅಜ್ಜಪ್ಪ ಬದುವಿನ ಮೇಲಿಂದ ಕೈ ಅಡ್ಡ ಮಾಡಿದ.

"ತಡೀಲೇ. ಅಲ್ಲಿ ಬ್ಯಾಡ. ಇನ್ನೂ ಚಿತ್ತಮ್ಮನ್ನ ಕೇಳಿಲ್ಲ."

ದುರುಗಣ್ಣ ಗುದ್ದಲಿ ಇಳಿಸಿದ. ಅವನ ಕಾಲ ಪಕ್ಕದಲ್ಲೇ ಐದು ವರ್ಷದ ಹಿಂದೆ ಕಾಟಲಿಂಗಪ್ಪನನ್ನು ಮಣ್ಣು ಮಾಡಿದ ಜಾಗ. ಮೇಲೆ ಪೇರಿಸಿದ್ದ ಕಲ್ಲುಗಳ ಸಂದಿಯಲ್ಲಿ ಹುಲ್ಲು ಬೆಳೆದು, ಒಣಗಿ, ಗಾಳಿಗೆ ಸದ್ದು ಮಾಡುತ್ತಿತ್ತು. ಇವತ್ತು ಮಣ್ಣಿಗೆ ಹೋಗಬೇಕಾದವನು ಕಾಟಲಿಂಗಪ್ಪನ ಒಡಹುಟ್ಟಿದ ಅಣ್ಣ ಜುಂಜಯ್ಯ. ಅಣ್ಣನನ್ನು ತಮ್ಮನ ಪಕ್ಕ ಮಲಗಿಸಲು ತಮ್ಮನ ಹೆಂಡತಿಯ ಅಪ್ಪಣೆ ಬೇಕು ಎಂಬುದು ಬೇರೆ ಊರಿನವರಿಗೆ ವಿಚಿತ್ರವಾಗಿ ಕಂಡೀತು. ಐಮಂಗಲದ ಆಚೆಯ ಈ ಗೊಲ್ಲರ ಹಟ್ಟಿಯಲ್ಲಿ ಯಾರಿಗೂ ಹಾಗೆ ಕಾಣಲಿಲ್ಲ.

ಅಜ್ಜಪ್ಪ ಹಟ್ಟಿಯ ಹಿರಿಯ. ಕೋಲೂರಿಕೊಂಡು ಹೊಲ ದಾಟಿ ಬಂದು ಚಿತ್ತಮ್ಮನ ಬಾಗಿಲಲ್ಲಿ ನಿಂತ. ಚಿತ್ತಮ್ಮ ಒಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಅದು ಅವಳ ಮನೆಗೂ ಜುಂಜಯ್ಯನ ಮನೆಗೂ ಸೇರಿದ ನಡುಗೋಡೆ. ಆಚೆ ಕಡೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದು ಅವಳ ಬೆನ್ನಿಗೇ ಕೇಳುತ್ತಿತ್ತು.

"ಚಿತ್ತಮ್ಮ, ಜುಂಜ ಸಾಯಾಕೆ ಮುಂಚೆ ಹೆಂಡ್ತಿ ದೊಡ್ಡಕ್ಕನ ತಾವ ಒಂದು ಮಾತು ಹೇಳವ್ನೆ. ತಮ್ಮನ ಪಕ್ಕ ಮಲಗ್ಬೇಕು ಅಂತ ಆಸೆ ಐತೆ, ಆದ್ರೆ ಚಿತ್ತಮ್ಮ ಹೂಂ ಅಂದ್ರೆ ಮಾತ್ರ ಅಂತ. ನೀನು ಬ್ಯಾಡ ಅಂದ್ರೆ ದಾರಿ ಕಡೆ ಬದುವಿನಾಗೆ ಅಗೀತೀವಿ. ನಿನ್ನ ಯಾರೂ ಏನೂ ಅನ್ನಲ್ಲ."

"ಈಗ್ಲೇ ಹೇಳ್ಬೇಕಾ ಮಾವ?"

"ಬಿಸಿಲು ಏರ್ತೈತೆ ಕಣಮ್ಮ."

"ಒಂದೀಟು ತಡೀರಿ."

ಅಜ್ಜಪ್ಪ ಅಂಗಳಕ್ಕೆ ಹೋಗಿ ಗಂಡಸರ ನಡುವೆ ಕೂತ.

*

ಆ ಹೊಲಕ್ಕೆ ಮೋಟಾರು ಬಂದಾಗ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಕುರಿಮಂದೆಯ ಅರ್ಧವನ್ನು ಕೊಟ್ಟು ತಂದ ಮೋಟಾರು. ಬಾವಿ ಆಳದ್ದು. ಮೇಲಿಟ್ಟರೆ ಪಂಪು ನೀರು ಎಳೆಯುವುದಿಲ್ಲವೆಂದು ಬಾವಿಯ ಒಳಗೇ, ನೀರಿಗೆ ಹತ್ತಿರವಾಗಿ, ಚಪ್ಪಡಿ ಕಲ್ಲು ಚಾಚಿ ಅದರ ಮೇಲೆ ಮೋಟಾರು, ಪಂಪು ಎರಡನ್ನೂ ಕೂರಿಸಿದ್ದರು. ಅದನ್ನು ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ ಮಾತ್ರ ದಡದ ಮೇಲಿನ ಶೆಡ್ಡಿನಲ್ಲಿತ್ತು. ಕೆಳಗೆ ಇಳಿದವನಿಗೆ ಶೆಡ್ಡು ಕಾಣುವುದಿಲ್ಲ. ಶೆಡ್ಡಿನಲ್ಲಿ ನಿಂತವನಿಗೆ ಕೆಳಗಿನವನು ಕಾಣುವುದಿಲ್ಲ.

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಸುತ್ತಲಿನ ಹೊಲಗಳಿಗೂ ಒಂದೊಂದಾಗಿ ಮೋಟಾರು ಬಂದ ಮೇಲೆ ಕರೆಂಟಿನಲ್ಲಿ ಜೀವವೇ ಉಳಿಯಲಿಲ್ಲ. ಈರುಳ್ಳಿ ಗಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ಸ್ಟಾರ್ಟರ್ ಪೆಟ್ಟಿಗೆ 'ಟಕ್' ಎನ್ನುವುದು, ಮೋಟಾರು ನಿಲ್ಲುವುದು. ಮತ್ತೆ ಹಸಿರು ಗುಂಡಿ ಒತ್ತಿದರೆ ಸ್ವಲ್ಪ ಓಡಿ ಮತ್ತೆ 'ಟಕ್'.

ಹಿರಿಯೂರಿನಿಂದ ಮೆಕ್ಯಾನಿಕ್ ಹನುಮಂತಯ್ಯನನ್ನು ಕರೆಸಿದರು. ಅವನು ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ. "ಕೆಟ್ಟಿಲ್ಲ ಇದು. ವೋಲ್ಟೇಜ್ ಕಮ್ಮಿ ಇದ್ದಾಗ ಮೋಟ್ರು ಜಾಸ್ತಿ ಕರೆಂಟ್ ಎಳೀತೈತೆ, ಒಳಗೇ ಕಾಯ್ತೈತೆ. ಸುಟ್ಟೋಗ್ಬಾರ್ದು ಅಂತ ಈ ಓವರ್‌ಲೋಡು ತಾನೇ ಕರೆಂಟ್ ಕಡಿತೈತೆ. ಆರಾಕೆ ಬಿಡ್ರಿ. ಆರಿದ ಮ್ಯಾಲೆ ಒತ್ರಿ."

"ಅದು ಆರೋ ಹೊತ್ಗೆ ಕರೆಂಟೇ ಹೋಗಿರ್ತೈತಲ್ಲ," ಎಂದ ಜುಂಜಯ್ಯ.

ಹನುಮಂತಯ್ಯ ಮುಚ್ಚಳ ಹಾಕಿ ಚೀಲ ಎತ್ತಿಕೊಂಡ. ಅದಕ್ಕೆ ಉಪಾಯ ಪಕ್ಕದ ಹೊಲಗಳವರ ಬಳಿ ಇತ್ತು. ಎಲ್ಲರೂ ಮಾಡಿದ್ದನ್ನೇ ಜುಂಜಯ್ಯನೂ ಮಾಡಿದ. ಓವರ್‌ಲೋಡನ್ನು ತಪ್ಪಿಸಿ ಕರೆಂಟು ನೇರ ಹೋಗುವಂತೆ ಒಂದು ತುಂಡು ತಂತಿ ಬಿಗಿದು 'ಡೈರೆಕ್ಟ್' ಕೊಟ್ಟ. ಹಸಿರು ಗುಂಡಿಯನ್ನು ಒತ್ತಿ, ಅದು ಮೇಲೇಳದಂತೆ ಸಂದಿಯಲ್ಲಿ ಹೊಂಗೆಯ ಚಕ್ಕೆಯೊಂದನ್ನು ಸಿಕ್ಕಿಸಿದ. ಕಾಟಲಿಂಗಪ್ಪ ಪಕ್ಕದಲ್ಲಿ ನಿಂತು ಲಾಟೀನು ಹಿಡಿದಿದ್ದ. ಆಮೇಲೆ 'ಟಕ್' ಎಂಬ ಸದ್ದು ಕೇಳಲಿಲ್ಲ. ಕರೆಂಟು ಹೋದರೆ ಮೋಟಾರು ನಿಲ್ಲುತ್ತಿತ್ತು, ಬಂದರೆ ತಾನೇ ಓಡುತ್ತಿತ್ತು. ಯಾರೂ ಹೊಲಕ್ಕೆ ಓಡಿ ಗುಂಡಿ ಒತ್ತಬೇಕಾಗಿರಲಿಲ್ಲ. ಅದೊಂದು ದೊಡ್ಡ ಅನುಕೂಲ ಎಂದು ಆಗ ಎಲ್ಲರಿಗೂ ಅನ್ನಿಸಿತ್ತು. ಚಿತ್ತಮ್ಮನಿಗೂ.

*

ಅಂಗಳದಲ್ಲಿ ಗಂಡಸರು ಮೆಲ್ಲಗೆ ಮಾತಾಡುತ್ತಿದ್ದರು. ಬಾಗಿಲು ತೆರೆದೇ ಇದ್ದುದರಿಂದ ಚಿತ್ತಮ್ಮನಿಗೆ ಒಂದೊಂದು ಮಾತೂ ಕೇಳುತ್ತಿತ್ತು. ಹನುಮಂತಯ್ಯ ಹಿರಿಯೂರಿನಿಂದ ಬಸ್ಸಿಗೆ ಬಂದಿದ್ದ. ಹೆಣದ ಮೇಲೆ ಹೂವಿನ ಹಾರ ಇಟ್ಟು ಬಂದು ಅಜ್ಜಪ್ಪನ ಪಕ್ಕ ಕೂತ.

"ಯಾವ ಹೊತ್ನಾಗೆ ಹೋಯ್ತು ಜೀವ?"

"ಬೆಳ್ಳಿ ಮೂಡೋ ಹೊತ್ಗೆ," ಎಂದ ಅಜ್ಜಪ್ಪ. "ಎದೀಗೆ ಕಫ ಕಟ್ಟಿತ್ತು. ಆಸ್ಪತ್ರೆಗೆ ಹೋಗಾಣ ಅಂದ್ರೆ ಬಾವಿ ಬಿಟ್ಟು ಬರಲ್ಲ ಅಂದ."

ದುರುಗಣ್ಣ ಬೀಡಿಯನ್ನು ನೆಲಕ್ಕೆ ಒರೆಸಿ ಆರಿಸಿದ. "ಒಂದು ಮಾತು ಹೇಳ್ತೀನಿ. ಸುಳ್ಳು ಅಂದ್ಕಂಡ್ರೆ ಅಂದ್ಕಳ್ರಿ. ಹೊತ್ತು ಹುಟ್ಟಿದ ಮ್ಯಾಲೆ ಒಂದ್ಸಲ ಕರೆಂಟು ಬಂತಲ್ಲ, ಆವಾಗ ನಾನು ದಾರೀಲಿದ್ದೆ. ಜುಂಜಯ್ಯ ಕೂಗಿದ್ದು ಕೇಳ್ತು."

"ಹೆಣ ಮನೇಲೈತೆ ಕಣೋ."

"ಅದು ಗೊತ್ತು. ಅದಕ್ಕೇ ಹೇಳ್ತಿರೋದು. 'ಒಳಗ್ಯಾರಿದೀರಿ' ಅಂತ ಬಾವಿ ಕಡೆಯಿಂದ ಬಂತು. ಅವನ ದನೀನೇ."

ಹೆದ್ದಾರಿಯಲ್ಲಿ ಲಾರಿಯೊಂದು ಗೇರು ಬದಲಿಸಿಕೊಂಡು ದಿಬ್ಬ ಏರುವ ಸದ್ದು ಬಂತು, ಹೋಯಿತು.

"ಇಷ್ಟು ವರ್ಷ ಕೂಗವ್ನೆ," ಎಂದ ಅಜ್ಜಪ್ಪ ಕೊನೆಗೆ. "ಬಾವಿಯಾಗೆ ಒಂದೀಟು ಉಳ್ಕಂಡಿದ್ರೂ ಉಳ್ಕಂಡಿರ್ಬೋದು."

ಚಿತ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆಳಿಗ್ಗೆ ಆ ಕೂಗು ಅವಳಿಗೂ ಕೇಳಿತ್ತು.

*

ಕಾಟಲಿಂಗಪ್ಪ ಸತ್ತ ದಿನ ಕರೆಂಟು ಹೋಗಿತ್ತು. ಪಂಪಿನ ಸಂದಿಯಿಂದ ನೀರು ಸೋರುತ್ತಿತ್ತು. ಕರೆಂಟಿಲ್ಲದ ಹೊತ್ತಿನಲ್ಲೇ ಸರಿ ಮಾಡಿಬಿಡೋಣವೆಂದು ಅವನು ಸಂದಿಗೆ ತುರುಕಲು ಎಣ್ಣೆಯಲ್ಲಿ ನೆನೆಸಿದ ಹಗ್ಗದ ತುಂಡು ಹಿಡಿದು ಬಾವಿಗೆ ಇಳಿದ. ಇಳಿಯುವಾಗ ಕತ್ತೆತ್ತಿ, "ಅಣ್ಣಾ, ಆ ಚಕ್ಕೆ ತೆಗ್ದುಬಿಡು," ಎಂದ.

"ತೆಗೀತೀನಿ ಇಳಿ," ಎಂದ ಜುಂಜಯ್ಯ. ಬಾವಿಯ ದಡದಿಂದ ಶೆಡ್ಡಿಗೆ ಎಷ್ಟು ದೂರ? ಒಂದು ಬೀಡಿ ಹಚ್ಚಿಕೊಳ್ಳುವಷ್ಟೂ ಇಲ್ಲ. ಅವನು ಶೆಡ್ಡಿನತ್ತ ತಿರುಗಿದ್ದೇ, ಕುರಿ ರೊಪ್ಪದ ಕಡೆಯಿಂದ ಚಿತ್ತಮ್ಮ ಕೂಗಿದಳು.

"ಭಾವಾ, ಬೇಗ ಬರ್ರಿ. ಕುರಿ ಈಯಾಕೆ ಆಗ್ದೆ ಒದ್ದಾಡ್ತೈತೆ. ಮರಿ ಅಡ್ಡ ಸಿಕ್ಕಂಡೈತೆ."

ಅಡ್ಡ ಸಿಕ್ಕ ಮರಿಯನ್ನು ತಿರುಗಿಸಿ ತೆಗೆಯುವುದರಲ್ಲಿ ಜುಂಜಯ್ಯನಂಥ ಕೈ ಸುತ್ತ ಯಾವ ಹಟ್ಟಿಯಲ್ಲೂ ಇರಲಿಲ್ಲ. ಅವನು ಹಾಗೆಯೇ ತಿರುಗಿ ರೊಪ್ಪಕ್ಕೆ ಓಡಿ ಬಂದ. ಮಂಡಿಯೂರಿ ಕೂತು ಕೈ ಒಳಗೆ ಬಿಟ್ಟ. ಚಿತ್ತಮ್ಮ ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮರಿಯ ಮುಂಗಾಲು ಅವನ ಕೈಗೆ ಸಿಕ್ಕಿತು. "ಸಿಕ್ತು, ಸಿಕ್ತು. ಒಸಿ ತಡಿ ತಾಯಿ," ಎಂದು ಕುರಿಗೆ ಹೇಳುತ್ತಾ ಮರಿಯನ್ನು ಹೊರಗೆಳೆದ. ಅದರ ಮೂಗಿಗೆ ಊದಿದ. ಮರಿ ಸೀನಿತು. ಇಬ್ಬರೂ ನಕ್ಕರು.

ಆ ನಗುವಿನ ನಡುವೆಯೇ ಸುತ್ತಲ ಹೊಲಗಳ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದವು. ಯಾವ ಮೋಟಾರಿಗೂ ಯಾರೂ ಕೈ ಹಚ್ಚಿರಲಿಲ್ಲ. ಎಲ್ಲವೂ ತಾವಾಗಿಯೇ ಎದ್ದವು. ಜುಂಜಯ್ಯ ಎದ್ದ. ಮರಿ ಅವನ ಕೈಯಲ್ಲೇ ಇತ್ತು. ಎರಡು ಹೆಜ್ಜೆ ಹಾಕಿ ಅದನ್ನು ಕೆಳಗೆ ಬಿಟ್ಟು, ತಮ್ಮನ ಹೆಸರು ಕೂಗುತ್ತಾ ಓಡಿದ.

ಕಾಟಲಿಂಗಪ್ಪನ ಕೊರಳಲ್ಲಿ ಟವೆಲಿತ್ತು. ಮೋಟಾರನ್ನೂ ಪಂಪನ್ನೂ ಜೋಡಿಸುವ ತಿರುಗಣೆಗೆ ಅದು ಸುತ್ತಿಕೊಂಡಿತ್ತು. ಉಳಿದದ್ದನ್ನು ಚಿತ್ತಮ್ಮ ನೋಡದಂತೆ ಹೆಂಗಸರು ಅವಳನ್ನು ದಡದಲ್ಲೇ ಹಿಡಿದುಕೊಂಡರು.

ಮಣ್ಣು ಮಾಡಿದ ಮೇಲೆ ಹಿರಿಯರು ಕೂತು ಕೇಳಿದರು. "ತಮ್ಮ ಒಳಗಿದ್ದ ಅಂತ ಗೊತ್ತಿತ್ತು. ಚಕ್ಕೆ ಯಾಕೆ ತೆಗೀಲಿಲ್ಲ ಜುಂಜಯ್ಯ?"

ಚಿತ್ತಮ್ಮ ಕದದ ಹಿಂದೆ ಕೂತಿದ್ದಳು. ಈಗ ಹೇಳುತ್ತಾನೆ, ಚಿತ್ತಮ್ಮ ಕೂಗಿದಳು ಅಂತ ಈಗ ಹೇಳುತ್ತಾನೆ ಎಂದು ಉಸಿರು ಹಿಡಿದಿದ್ದಳು.

"ಮರ್ತೆ," ಎಂದ ಜುಂಜಯ್ಯ.

ಹಿರಿಯರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಅದೇ ಮಾತು.

ಆವತ್ತಿನಿಂದ ಒಲೆ ಎರಡಾಯಿತು. ಚಿತ್ತಮ್ಮ ಭಾವನ ಮುಖ ನೋಡಿ ಮಾತಾಡಲಿಲ್ಲ. ಊರು ಅದನ್ನು ಸಿಟ್ಟು ಎಂದುಕೊಂಡಿತು. ಸಿಟ್ಟೂ ಇತ್ತು. ಅದರ ಅಡಿಯಲ್ಲಿ ಇದ್ದದ್ದಕ್ಕೆ ಅವಳು ಹೆಸರಿಟ್ಟುಕೊಳ್ಳಲಿಲ್ಲ. ಜುಂಜಯ್ಯ ತಂತಿ ಕಿತ್ತೆಸೆದ, ಹನುಮಂತಯ್ಯನಿಂದ ಪೆಟ್ಟಿಗೆಯನ್ನು ಮೊದಲಿನಂತೆ ಮಾಡಿಸಿದ. ಓವರ್‌ಲೋಡು ಬಿದ್ದು ಮೋಟಾರು ನಿಂತರೆ ಅದು ಆರುವವರೆಗೆ ಶೆಡ್ಡಿನ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಗಡ್ಡೆ ಕಟ್ಟದಿದ್ದರೆ ಕಟ್ಟದೆ ಹೋಗಲಿ. ಈಗ ಯಾರಾದರೂ ಗುಂಡಿ ಒತ್ತದೆ ಮೋಟಾರು ಓಡುವಂತಿರಲಿಲ್ಲ. ಆದರೂ ಸುತ್ತಲ ಮೋಟಾರುಗಳು ಎದ್ದವೆಂದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು, ಮಲಗಿದ ಕಂಬಳಿ ಬಿಟ್ಟು ಓಡುತ್ತಿದ್ದ. ಬಾವಿಗೆ ಬಗ್ಗಿ ಕೂಗುತ್ತಿದ್ದ.

"ಒಳಗ್ಯಾರಿದೀರಿ?"

ಕೂಗಿ ಕಾಯುತ್ತಿದ್ದ. ಒಳಗಿನವನು ಕೆಲಸ ಬಿಟ್ಟು, ಕತ್ತೆತ್ತಿ, ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಿವಿಗೊಟ್ಟು ಬಗ್ಗಿಯೇ ಇರುತ್ತಿದ್ದ. ಬಾವಿ ಅವನ ಮಾತಿನ ಬಾಲವನ್ನಷ್ಟೇ ತಿರುಗಿ ಕೊಡುತ್ತಿತ್ತು. ಒಂದೊಂದು ದಿನ ಗೋಡೆಯಾಚೆ ಮಲಗಿದ್ದ ಚಿತ್ತಮ್ಮನಿಗೆ ಆ ತಿರುಗಿ ಬಂದ ದನಿ ಜುಂಜಯ್ಯನದಲ್ಲ, ತನ್ನ ಗಂಡನದು ಅನ್ನಿಸುತ್ತಿತ್ತು. ಆಗ ಅವಳು ಎದ್ದು ದೀಪ ಹಚ್ಚಿಕೊಂಡು ಕೂರುತ್ತಿದ್ದಳು.

ಜುಂಜಯ್ಯ ಅವಳ ಪಾಲಿನ ಹೊಲವನ್ನು ಮೊದಲು ಉತ್ತು ಆಮೇಲೆ ತನ್ನದನ್ನು ಉಳುತ್ತಿದ್ದ. ಅವಳ ಮಗಳನ್ನು ಹೊಳಲ್ಕೆರೆ ಕಡೆ ಕೊಟ್ಟಾಗ ಗಂಡು ನೋಡಿದವನೂ ಅವನೇ, ಚಪ್ಪರಕ್ಕೆ ಸೊಪ್ಪು ತಂದವನೂ ಅವನೇ. ಧಾರೆಯ ಹೊತ್ತಿಗೆ ಅಪ್ಪನ ಜಾಗದಲ್ಲಿ ನಿಲ್ಲು ಎಂದರೆ ನಿಲ್ಲಲಿಲ್ಲ. ಚಪ್ಪರದ ಹೊರಗೆ ನೆಂಟರಿಗೆ ನೀರು ಹೊರುತ್ತಿದ್ದ.

*

ಹಿತ್ತಿಲ ಬಾಗಿಲಲ್ಲಿ ಬಳೆಯ ಸದ್ದಾಯಿತು. ಜುಂಜಯ್ಯನ ಹೆಂಡತಿ ದೊಡ್ಡಕ್ಕ ನಿಂತಿದ್ದಳು. ಕಣ್ಣು ಊದಿತ್ತು, ಹಣೆಯ ತುಂಬ ಯಾರೋ ಕುಂಕುಮ ಹಚ್ಚಿದ್ದರು.

"ಒಳಗೆ ಬಾ ಅಕ್ಕ."

"ಈಗ ನಾನು ಒಳಗೆ ಬರಬಾರ್ದು. ಇಲ್ಲೇ ಕುಂತ್ಕತೀನಿ." ಹೊಸ್ತಿಲಾಚೆ ಕೂತಳು. "ನೀನು ಬ್ಯಾಡ ಅಂದ್ರೆ ಬ್ಯಾಡ ಅನ್ನು. ನಂಗೆ ಬ್ಯಾಸರ ಇಲ್ಲ. ಅವ್ರನ್ನ ಎಲ್ಲಾದ್ರೂ ಮಲಗಿಸಿದ್ರೆ ಸಾಕಾಗೈತೆ. ಈ ಜ್ವರದಾಗೂ ಮಲಗ್ಲಿಲ್ಲ ಕಣೆ. ಸುತ್ತ ಮೋಟ್ರು ಎದ್ದೇಟ್ಗೆ ಎದ್ದು ಕುಂತ್ಕಳೋರು. ಕಾಲು ನಿಲ್ತಿರ್ಲಿಲ್ಲ. ನಾನೇ ಹೋಗಿ ಕೂಗಿ ಬರ್ತೀನಿ ಅನ್ನೋದು, ಕದದ ಹಿಂದೆ ಒಂದೀಟು ನಿಂತಿದ್ದು ಬರೋದು, ಯಾರೂ ಇಲ್ಲ ಮಲಗ್ರಿ ಅನ್ನೋದು. ಅಷ್ಟೇ ಮಾಡ್ದೆ."

ಚಿತ್ತಮ್ಮ ಅಳಲಿಲ್ಲ. ಗೋಡೆಯನ್ನೇ ನೋಡುತ್ತಿದ್ದಳು.

"ಅವತ್ತು ನೀನು ಕೂಗಿದ್ದು ನಂಗೊತ್ತು," ಎಂದಳು ದೊಡ್ಡಕ್ಕ.

ಚಿತ್ತಮ್ಮ ತಿರುಗಿದಳು. "ಯಾವಾಗಿಂದ?"

"ಅವತ್ತಿಂದ. ಮಣ್ಣು ಮಾಡಿ ಬಂದು ಹೇಳಿದ್ರು. ಜೀವ ಉಳೀಲಿ ಅಂತ ಕೂಗಿದ್ಲು ಅವಳು, ಸಾಯ್ಲಿ ಅಂತಲ್ಲ. ಯಾರ ತಾವನೂ ಬಾಯಿ ಬಿಡಬ್ಯಾಡ ಅಂದ್ರು."

"ಮತ್ತೆ ನೀನ್ಯಾಕೆ ಒಂದಿನಾನೂ ನನ್ನ ಕೇಳ್ಲಿಲ್ಲ?"

"ಏನಂತ ಕೇಳ್ಲಿ? ಊರೆಲ್ಲ ನನ್ನ ಗಂಡನ್ನ ಬೊಟ್ಟು ಮಾಡ್ವಾಗ ನೀನು ಬಾಯಿ ಮುಚ್ಕಂಡಿದ್ದೆ. ನಾನು ನಿಂಗೆ ಮಜ್ಜಿಗೆ ತರ್ತಿದ್ನಲ್ಲ, ಕೆಲವು ದಿನ ಆ ಚೊಂಬು ನಿನ್ನ ಮುಖಕ್ಕೆ ಎಸೀಬೇಕು ಅನ್ನಿಸ್ತಿತ್ತು." ದೊಡ್ಡಕ್ಕ ಮೂಗು ಒರೆಸಿಕೊಂಡಳು. "ಆಮ್ಯಾಕೆ ಅದೂ ಹೋಯ್ತು. ಇಬ್ರೂ ಒಂದೇ ಕೂಗು ಕೇಳ್ಕಂಡು ಮಲಗ್ತಿದ್ವಲ್ಲ, ನೀನು ಈ ಕಡೆ, ನಾನು ಆ ಕಡೆ."

ಗೋಡೆಯಾಚೆ ಯಾರೋ ದೊಡ್ಡಕ್ಕನನ್ನು ಹುಡುಕುತ್ತಿದ್ದರು. ಚಿತ್ತಮ್ಮ ಎದ್ದಳು. ಹಿತ್ತಿಲಿನಿಂದಲೇ ಹೊರಟು, ಅಂಗಳದ ಗಂಡಸರನ್ನು ದಾಟಿ, ಬಿಸಿಲಿನಲ್ಲಿ ಹೊಲಕ್ಕೆ ನಡೆದಳು. ಅಜ್ಜಪ್ಪನೂ ದುರುಗಣ್ಣನೂ ಹಿಂದೆ ಬಂದರು. ಗಂಡನ ಮೇಲೆ ಪೇರಿಸಿದ್ದ ಕಲ್ಲುಗಳಲ್ಲಿ ಕೆಲವು ಜರುಗಿ ಪಕ್ಕದ ನೆಲದ ಮೇಲೆ ಉರುಳಿದ್ದವು. ಅವಳು ಬಗ್ಗಿ ಒಂದೊಂದನ್ನೇ ಎತ್ತಿ ಗಂಡನ ಕಡೆಗೆ ಹಾಕಿ, ಒಬ್ಬ ಮನುಷ್ಯ ಮಲಗುವಷ್ಟು ಜಾಗ ಬಿಡಿಸಿದಳು.

"ಇಲ್ಲಿ. ದೂರ ಮಾಡಬ್ಯಾಡ್ರಿ."

ದುರುಗಣ್ಣನ ಗುದ್ದಲಿ ಬಿತ್ತು.

*

ಮಧ್ಯಾಹ್ನದ ಹೊತ್ತಿಗೆ ಜುಂಜಯ್ಯನನ್ನು ಅವನ ಕಂಬಳಿಯಲ್ಲೇ ಸುತ್ತಿ ಇಳಿಸಿದರು. ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿದರು. ದೊಡ್ಡಕ್ಕನೂ ಚಿತ್ತಮ್ಮನೂ ಹಾಕಿದರು.

ಮಣ್ಣು ಮಾಡಿ ಬಂದವರು ಮನೆಗೆ ಕಾಲಿಡುವ ಮುಂಚೆ ಮೈ ತೊಳೆಯಬೇಕು. ಎಲ್ಲರೂ ಬಾವಿಯ ತೊಟ್ಟಿಯ ಬಳಿ ಬಂದು ನಿಂತರು. ತೊಟ್ಟಿ ಒಣಗಿತ್ತು. ಜುಂಜಯ್ಯ ಜ್ವರಕ್ಕೆ ಮಲಗಿದ ಮೇಲೆ ಮೋಟಾರನ್ನು ಯಾರೂ ಹಾಕಿರಲಿಲ್ಲ. ಕರೆಂಟೂ ಆ ಹೊತ್ತಿಗೆ ಇರಲಿಲ್ಲ.

"ಬಂದ್ರೂ ಪಂಪು ನೀರು ಎತ್ತಲ್ಲ," ಎಂದ ಹನುಮಂತಯ್ಯ. "ಇಷ್ಟು ದಿನ ನಿಂತೈತೆ, ಒಳಗಿನ ನೀರು ಇಳ್ದೋಗಿರ್ತೈತೆ. ಯಾರಾದ್ರೂ ಇಳ್ದು ಪಂಪಿಗೆ ಒಂದು ಕೊಡ ನೀರು ಹೊಯ್ಬೇಕು."

ದುರುಗಣ್ಣ ಬಾವಿಯಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಹನುಮಂತಯ್ಯ ಚೀಲ ಕೆಳಗಿಟ್ಟು, ನೋಯುವ ಮಂಡಿ ಹಿಡಿದುಕೊಂಡು ಏಳುವುದರಲ್ಲಿ ಚಿತ್ತಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಬರಿ ಕೊಡ ಹಿಡಿದು ಬಾವಿಯ ಬಾಯಿಗೆ ಬಂದಿದ್ದಳು.

"ನೀನ್ಯಾಕಮ್ಮ," ಎಂದ ಅಜ್ಜಪ್ಪ.

ಅವಳು ಇಳಿದಳು. ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಒಂದೊಂದು ಕಲ್ಲು ಇಳಿದಂತೆ ಮೇಲಿನ ಮಾತು ಸಣ್ಣದಾಯಿತು, ಬಿಸಿಲು ಗೋಡೆಯ ಮೇಲೇ ಉಳಿಯಿತು. ಪಾರಿವಾಳಗಳು ಗೂಡಿನಿಂದ ಎದ್ದು ತಲೆಯ ಮೇಲೆ ಸುತ್ತಿ ಹೊರಗೆ ಹೋದವು. ಚಪ್ಪಡಿ ಬಂತು. ಐದು ವರ್ಷ ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಜಾಗ. ಕಣ್ಣು ತೆರೆದು ನೋಡಿದರೆ ಇಷ್ಟೇ ಇತ್ತು. ಒಂದು ಮೋಟಾರು, ಒಂದು ಪಂಪು. ಅವೆರಡರ ನಡುವಿನ ತಿರುಗಣೆಗೆ ಸೀಮೆಎಣ್ಣೆ ಡಬ್ಬದ ತಗಡು ಬಗ್ಗಿಸಿ ಹೊದಿಸಿತ್ತು. ಬಟ್ಟೆ ಸಿಕ್ಕಬಾರದೆಂದು ಜುಂಜಯ್ಯ ತಗಡಿನ ಅಂಚನ್ನೆಲ್ಲ ಒಳಕ್ಕೆ ಮಡಿಚಿ ತಟ್ಟಿದ್ದ. ಅವಳು ಅಂಚಿನುದ್ದಕ್ಕೂ ಬೆರಳಾಡಿಸಿದಳು. ಎಲ್ಲೂ ಚುಚ್ಚಲಿಲ್ಲ.

ಕೊಡ ಮುಳುಗಿಸಿ ಪಂಪಿಗೆ ನೀರು ಹೊಯ್ದಳು. ಅದು ಗುಳುಗುಳು ಎಂದು ಕುಡಿಯಿತು. ತುಂಬಿ ಹೊರಚೆಲ್ಲುವವರೆಗೆ ಹೊಯ್ದು, ಮುಚ್ಚಳ ತಿರುಗಿಸಿ ಬಿಗಿದಳು. ಕೆಲಸ ಮುಗಿದಿತ್ತು. ಆದರೂ ಎದ್ದು ಹೊರಡದೆ, ಮೇಲಿನ ಆ ದುಂಡನೆಯ ಬೆಳಕಿಗೆ ಕತ್ತೆತ್ತಿ ನಿಂತಳು. ತಾನು ಕಾಯುತ್ತಿದ್ದೇನೆಂದು ಅವಳಿಗೆ ತಡವಾಗಿ ತಿಳಿಯಿತು. ಕೇಳಿದರೆ ಕೊಡಬೇಕಾದ ಉತ್ತರ ಬಾಯಲ್ಲಿ ಸಿದ್ಧವಾಗಿತ್ತು. ಯಾರೂ ಕೂಗಲಿಲ್ಲ. ನೀರಿನ ಮೇಲೆ ಗೋಡೆಯಿಂದ ಒಂದು ಸಣ್ಣ ಕಲ್ಲು ಬಿತ್ತು. ಅವಳು ಖಾಲಿ ಕೊಡವನ್ನು ಕಂಕುಳಿಗೆ ಏರಿಸಿಕೊಂಡು ಹತ್ತತೊಡಗಿದಳು.

ತಲೆ ದಡದ ಮೇಲೆ ಬಂದಾಗ ಮೊದಲು ಕೇಳಿದ್ದು ಮೋಟಾರುಗಳ ಸದ್ದು. ಕರೆಂಟು ಬಂದು ಸುತ್ತಲ ಹೊಲಗಳಲ್ಲೆಲ್ಲ ಆಗಲೇ ಓಡುತ್ತಿದ್ದವು. ಪಕ್ಕದವರ ಕಾಲುವೆಯಲ್ಲಿ ನೀರು ಅರ್ಧ ದಾರಿ ಬಂದಿತ್ತು. ತೊಟ್ಟಿಯ ಬಳಿಯ ಗಂಡಸರು ಮೈಮೇಲೆ ಮಣ್ಣು ಇಟ್ಟುಕೊಂಡೇ ಶೆಡ್ಡಿನ ಕಡೆ ನೋಡುತ್ತಾ ನಿಂತಿದ್ದರು.

ಚಿತ್ತಮ್ಮನೂ ನೋಡಿದಳು. ಶೆಡ್ಡಿನೊಳಗೆ ದೊಡ್ಡಕ್ಕ ಸ್ಟಾರ್ಟರ್ ಪೆಟ್ಟಿಗೆಗೆ ಬೆನ್ನು ಒತ್ತಿ, ಎರಡೂ ತೋಳನ್ನು ಗೋಡೆಯುದ್ದಕ್ಕೆ ಚಾಚಿ, ಯಾರನ್ನೂ ಹತ್ತಿರ ಬಿಡದಂತೆ ನಿಂತಿದ್ದಳು. ಕಣ್ಣು ಬಾವಿಯ ಬಾಯಿಯ ಮೇಲಿತ್ತು. ಚಿತ್ತಮ್ಮ ಎರಡೂ ಕಾಲು ದಡದ ಮೇಲೆ ಊರಿ, ಕೊಡ ಕೆಳಗಿಟ್ಟು, ನೆಟ್ಟಗೆ ನಿಂತ ಮೇಲೂ ದೊಡ್ಡಕ್ಕನ ತೋಳು ಇಳಿಯಲಿಲ್ಲ.